ಗಣೇಶನ ಮೂಲೆಯಲ್ಲಿ ನಿಲ್ಲುವ ಗಾಡಿ

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಮೊಳೆಯಿದೆ. ಆ ಮೊಳೆಯಲ್ಲಿ ಹಳೆಯ ಮೋಟಾರ್‌ಸೈಕಲ್ಲಿನ ಕೀ ನೇತಾಡುತ್ತದೆ, ಕೀಗೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿದೆ. ಬೇರೆಯವರ ಕೀಗೊಂಚಲಲ್ಲಿ ತಿರುಪತಿ ತಿಮ್ಮಪ್ಪ ಇರುತ್ತಾನೆ, ಕಾರಿನ ಗೊಂಬೆ ಇರುತ್ತದೆ, ಬಾಟಲಿ ಮುಚ್ಚಳ ತೆಗೆಯುವ ಸಾಧನ ಇರುತ್ತದೆ. ನಮ್ಮದರಲ್ಲಿ ಅಮ್ಮನ ಬಳೆಯಿಂದ ಇಳಿದು ಬಂದ ಪಿನ್ನು. ಮನೆಗೆ ಬಂದವರು ಅದನ್ನು ನೋಡಿ, "ಇದೇನ್ರೀ, ಬ್ಲೌಸ್ ಪಿನ್ನು ಇಲ್ಲಿ?" ಎಂದು ಕೇಳಿದರೆ ನನಗೆ ಒಳಗೊಳಗೇ ಖುಷಿ. ಕೂತುಕೊಳ್ಳಿ, ಕಾಫಿ ಆಗಲಿ, ಹೇಳುತ್ತೇನೆ ಎನ್ನುತ್ತೇನೆ. ನೀವೂ ಕೂತುಕೊಳ್ಳಿ.

ಗಾಡಿ ಅಪ್ಪನದು. ನಾನು ಹುಟ್ಟುವುದಕ್ಕೆ ಮೊದಲೇ ಈ ಮನೆಗೆ ಬಂದದ್ದು, ಆ ಲೆಕ್ಕದಲ್ಲಿ ಅದು ನನಗೆ ಅಣ್ಣನಾಗಬೇಕು. ನಮ್ಮಿಬ್ಬರಲ್ಲಿ ಅಪ್ಪನಿಗೆ ಯಾರ ಮೇಲೆ ಪ್ರೀತಿ ಜಾಸ್ತಿ ಎಂದು ನಾನು ಯಾವತ್ತೂ ಕೇಳಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾಕೆ ಕೇಳಬೇಕು? ನನಗೆ ನೆಗಡಿಯಾದರೆ ಅಮೃತಾಂಜನ ಹಚ್ಚಿಕೊಂಡು ಮಲಗು ಎನ್ನುತ್ತಿದ್ದ ಅಪ್ಪ, ಗಾಡಿ ಒಮ್ಮೆ ಕೆಮ್ಮಿದರೆ ಸಿದ್ದಾಪುರದ ಅನ್ವರ್ ಭಾಯ್ ಗ್ಯಾರೇಜಿಗೆ ತಳ್ಳಿಕೊಂಡು ಓಡುತ್ತಿದ್ದರು. ಅದರ ಕೀ ಅವರ ಅಂಗಿಯ ಎಡಗಡೆ ಜೇಬಿನಲ್ಲಿ, ಹೃದಯಕ್ಕೆ ತಾಗಿಕೊಂಡೇ ಇರುತ್ತಿತ್ತು. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತಾಗ ಕೀ ದಿಂಬಿನ ಕೆಳಗೆ ಹೋಗುತ್ತಿತ್ತು. ನನ್ನ ಕೈಗೆ ಅದು ಬಂದದ್ದು ಅಪ್ಪನ ಮಂಡಿ ಸವೆದು ಕಿಕ್ ಹೊಡೆಯಲು ಆಗದೆ ಹೋದ ಮೇಲೆ. ಆಗಲೂ ಪ್ರತಿ ಸಲ ಕೇಳಿ ಪಡೆಯಬೇಕು, ವಾಪಸು ಬಂದ ತಕ್ಷಣ ಕೊಡಬೇಕು.

ಚಿಕ್ಕವನಾಗಿದ್ದಾಗ ನನ್ನ ಜಾಗ ಟ್ಯಾಂಕಿನ ಮೇಲೆ. ಹಿಂದೆ ಅಮ್ಮ, ನಡುವೆ ಅಪ್ಪ, ಮುಂದೆ ಮೆರೂನ್ ಬಣ್ಣದ ಪೆಟ್ರೋಲ್ ಟ್ಯಾಂಕಿನ ಮೇಲೆ ಕುದುರೆ ಸವಾರನಂತೆ ನಾನು. ಬೇಸಿಗೆಯಲ್ಲಿ ಅದು ದೋಸೆ ಹುಯ್ಯುವಷ್ಟು ಕಾದಿರುತ್ತಿತ್ತು. ಅಮ್ಮ ಅಡುಗೆಮನೆಯ ಮಸಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ನನ್ನನ್ನು ಕೂರಿಸುತ್ತಿದ್ದಳು. ಹೀಗಾಗಿ ನನ್ನ ಬಾಲ್ಯಕ್ಕೆ ಒಂದು ವಾಸನೆಯಿದೆ, ಅರ್ಧ ಪೆಟ್ರೋಲು, ಅರ್ಧ ಸಾಂಬಾರು. ಆ ಗಾಡಿಗೆ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಗಿಳ್ಳು ಇಲ್ಲ. ಮುಳ್ಳಿನ ಕೆಲಸ ನನ್ನದೇ. ಅಪ್ಪ, "ಎಷ್ಟಿದ್ಯೋ?" ಎಂದರೆ ನಾನು ಅತ್ತಿತ್ತ ಓಲಾಡಿ, ತೊಡೆಯ ಕೆಳಗೆ ಪೆಟ್ರೋಲು ಗುಳುಗುಳು ಎನ್ನುವುದನ್ನು ಕೇಳಿ, "ಅರ್ಧ ಇದೆ ಅಪ್ಪ" ಎನ್ನುತ್ತಿದ್ದೆ. ಎಷ್ಟೋ ಸಲ ಸರಿ ಹೇಳುತ್ತಿದ್ದೆ. ಮುಂದೆ ಜೀವನದಲ್ಲಿ ಅಷ್ಟು ಖಚಿತವಾಗಿ ನಾನು ಏನನ್ನೂ ಹೇಳಿದ್ದಿಲ್ಲ.

ನಮ್ಮ ಮನೆಯಲ್ಲಿ ಶುಕ್ರವಾರ ಎಂದರೆ ಬನಶಂಕರಿ. ಬೇರೆಯವರು ರಾಹುಕಾಲದಲ್ಲಿ ಮನೆಯಿಂದ ಹೊರಗೆ ಕಾಲಿಡಲೂ ಹೆದರಿದರೆ, ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದೇ ರಾಹುಕಾಲದಲ್ಲಿ. ಆದರೆ ರಾಹುಕಾಲದಲ್ಲಿ ಹೊರಡುವುದಕ್ಕೆ ಅಪ್ಪನಿಗೂ ಧೈರ್ಯವಿರಲಿಲ್ಲ. ಅದು ಶುರುವಾಗುವ ಮೊದಲು ಹೊರಟು, ಅದು ನಡೆಯುತ್ತಿರುವಾಗ ಮುಟ್ಟಿ, ಮುಗಿಯುವುದರೊಳಗೆ ದೀಪ ಹಚ್ಚಬೇಕು. ಕಾರ್ಖಾನೆಯಲ್ಲಿ ಅವರಿಗೆ ಸೆಕೆಂಡ್ ಶಿಫ್ಟು, ಬೆಳಿಗ್ಗೆ ಬಿಡುವು. ರಜೆಯಿದ್ದರೆ ನಾನೂ ಟ್ಯಾಂಕಿನ ಮೇಲೆ ಹಾಜರು. ಸಿದ್ದಾಪುರದ ನಮ್ಮ ಮನೆಯಿಂದ ಹೊರಟು, ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಜಯನಗರದ ಮರಗಳ ನೆರಳಿನಲ್ಲಿ ಸಾಗಿ, ಒಂದು ತಿರುವಿಗೆ ಬರುವಷ್ಟರಲ್ಲಿ ಗಾಡಿ ಬುಸ್ ಬುಸ್ ಎಂದು ನಿಂತುಬಿಡುತ್ತಿತ್ತು.

ಆ ತಿರುವಿನಲ್ಲಿ ಒಂದು ಪುಟ್ಟ ಗಣೇಶನ ಗುಡಿ. ಮೊದಲ ಸಲ ನಿಂತಾಗ ಅಪ್ಪ ಬೈದರಂತೆ. ಮುಂದಿನ ಶುಕ್ರವಾರವೂ ಅಲ್ಲೇ ನಿಂತಿತು. ಅದರ ಮುಂದಿನ ಶುಕ್ರವಾರವೂ. ಆಗ ಅಪ್ಪನಿಗೆ ವಿಷಯ ಹೊಳೆಯಿತು. ಮಗನಿಗೆ ನಮಸ್ಕಾರ ಹೇಳದೆ ತಾಯಿಯ ಗುಡಿಗೆ ಹೋಗುತ್ತಿದ್ದೇವೆ, ವಿಘ್ನೇಶ್ವರ ಸುಮ್ಮನಿರುತ್ತಾನೆಯೇ? ಅಂದಿನಿಂದ ಒಂದು ಪದ್ಧತಿಯೇ ಬೆಳೆಯಿತು. ಗಾಡಿ ನಿಲ್ಲುತ್ತದೆ. ಅಪ್ಪ ಚಪ್ಪಲಿ ಬಿಟ್ಟು, ಕಿವಿ ಹಿಡಿದು ಮೂರು ಬಸ್ಕಿ ಹೊಡೆಯುತ್ತಾರೆ. ಅಮ್ಮ ಗರಿಕೆ ಇಡುತ್ತಾಳೆ. ಆಮೇಲೆ ಅಪ್ಪ ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿ, ಪೆಟ್ರೋಲ್ ಇದೆ ಎಂದು ಖಾತ್ರಿ ಮಾಡಿಕೊಂಡು, ಮುಚ್ಚಳ ಹಾಕಿ ಕಿಕ್ ಹೊಡೆದರೆ ಒಂದೇ ಏಟಿಗೆ ಡಬ ಡಬ ಡಬ. "ನೋಡಿದ್ಯಾ?" ಎಂದು ಅಪ್ಪ ನನ್ನ ತಲೆ ತಟ್ಟುತ್ತಿದ್ದರು. ನೋಡಿದ್ದೆ. ದೇವರು ಇದ್ದಾನೆ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ವಾಪಸು ಬರುವಾಗ ಇನ್ನೊಂದು ಪವಾಡ. ಬನಶಂಕರಿ ಗುಡಿಯ ಮುಂದೆ ಅಪ್ಪ ಮತ್ತೆ ಮುಚ್ಚಳ ತೆಗೆದು ಇಣುಕಿ ಹೊರಡುತ್ತಿದ್ದರು, ಗಾಡಿ ಬಂದು ಒಂದು ಅಯ್ಯಂಗಾರ್ ಬೇಕರಿಯ ಮುಂದೆ ನಿಲ್ಲುತ್ತಿತ್ತು. ಬೇಕರಿಯೊಳಗೆ ಯಾವ ದೇವರಿದ್ದಾನೆ ಎಂದು ಅಪ್ಪ ವಿಚಾರ ಮಾಡಲಿಲ್ಲ. ನಿಂತಿದ್ದೇವಲ್ಲ ಎಂದು ನನಗೊಂದು ದಿಲ್‌ಪಸಂದ್, ಅಮ್ಮನಿಗೆ ಖಾರದ ಬನ್ನು ಕೊಡಿಸುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನ ಭಕ್ತಿಯ ದೊಡ್ಡ ಪಾಲು ಸಂದಿದ್ದು ಬೇಕರಿಗೇ.

ವರ್ಷಗಳು ಕಳೆದಂತೆ ಗಾಡಿಯ ಭಕ್ತಿ ಹೆಚ್ಚುತ್ತ ಹೋಯಿತು. ಮೊದಲು ಗಣೇಶನ ಮುಂದೆ ಮಾತ್ರ ನಿಲ್ಲುತ್ತಿದ್ದದ್ದು ಆಮೇಲೆ ಗಣೇಶನಿಗಿಂತ ಮೊದಲು ಸಿಗುವ ಆಂಜನೇಯನ ಮುಂದೂ ನಿಲ್ಲತೊಡಗಿತು. ನಾನು ಓಡಿಸುವ ಕಾಲಕ್ಕೆ ರಾಘವೇಂದ್ರ ಸ್ವಾಮಿ ಮಠ, ಮಾರಮ್ಮ, ಒಂದು ಚರ್ಚು, ಎರಡು ದರ್ಶಿನಿ, ಕೊನೆಗೆ ಒಂದು ಡಯಾಗ್ನಾಸ್ಟಿಕ್ ಸೆಂಟರಿನ ಮುಂದೂ ನಿಂತಿತು. ಅಪ್ಪನ ಪ್ರಕಾರ ಅದು ವಯಸ್ಸಾದ ಲಕ್ಷಣ. "ವಯಸ್ಸಾದ್ಮೇಲೆ ಎಲ್ಲಾ ದೇವ್ರಿಗೂ ಕೈಮುಗಿಬೇಕು ಅನ್ಸತ್ತೆ ಕಣೋ" ಎನ್ನುತ್ತಿದ್ದರು. ಹಿಂದೆ ಹಾರನ್ ಹೊಡೆಯುವ ಕ್ಯಾಬಿನವರಿಗೆ ಈ ವೇದಾಂತ ಅರ್ಥವಾಗುತ್ತಿರಲಿಲ್ಲ.

ರಿಪೇರಿ ಮಾಡಿಸಲಿಲ್ಲವೇ ಎನ್ನಬೇಡಿ. ಅನ್ವರ್ ಭಾಯ್ ಆ ಟ್ಯಾಂಕಿಗೆ ಮಾಡದ ಚಿಕಿತ್ಸೆಯಿಲ್ಲ. ಒಳಗೆ ತುಕ್ಕು ಹಿಡಿದಿದೆ, ಅದು ಉದುರಿ ಪೆಟ್ರೋಲ್ ಹೋಗುವ ದಾರಿಗೆ ಅಡ್ಡ ಕೂರುತ್ತದೆ ಎಂಬುದು ಅವರ ರೋಗನಿದಾನ. ತಪ್ಪೇನಲ್ಲ, ತುಕ್ಕು ಇತ್ತು. ಈಗಿನ ಪೆಟ್ರೋಲಿಗೆ ಎಥೆನಾಲ್ ಬೇರೆ ಬೆರೆಸುತ್ತಾರೆ, ಅದು ಹಳೇ ಟ್ಯಾಂಕಿಗೆ ಆಗಿಬರುವುದಿಲ್ಲ ಎಂದು ಅವರ ದೂರು. "ಸಾರ್, ಹಳೇ ಹೊಟ್ಟೆಗೆ ಹೊಸ ಎಣ್ಣೆ. ಎಲ್ಲಿ ದಕ್ಕತ್ತೆ ಹೇಳಿ?" ಅವರು ಟ್ಯಾಂಕು ಬಿಚ್ಚಿ ತೊಳೆದು ಕಟ್ಟಿ ಓಡಿಸಿ ನೋಡಿದರೆ ಗಾಡಿ ಮಡಿವಾಳದವರೆಗೆ ಹೋಗಿ ಬಂದರೂ ನಿಲ್ಲುತ್ತಿರಲಿಲ್ಲ. ಮನೆಗೆ ತಂದ ಮಾರನೆಯ ದಿನ ಮತ್ತೆ ಅದೇ ರಾಗ. ಅನ್ವರ್ ಭಾಯ್‌ಗೆ ನನ್ನ ಮೇಲೇ ಅನುಮಾನ. ನನಗೆ ಅವರ ಮೇಲೆ.

ಒಮ್ಮೆ ಅಮ್ಮನೇ ವೈದ್ಯಕ್ಕೆ ಇಳಿದಳು. "ತುಕ್ಕು ತಾನೆ? ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹಿತ್ತಾಳೆ ಪಾತ್ರೆ ಹೆಂಗ್ ಹೊಳೆಯತ್ತೆ, ಇದ್ಯಾವ ಲೆಕ್ಕ?" ಹಳೇ ಹುಣಸೆಹಣ್ಣು ಕಿವುಚಿ ಒಂದು ಬಕೆಟ್ ರಸ ಮಾಡಿದಳು. ಟ್ಯಾಂಕು ಬಿಚ್ಚಿಸಿ ತಂದು, ಹುಣಸೆ ರಸ ತುಂಬಿ, ಒಂದು ಹಿಡಿ ನಟ್ಟು ಬೋಲ್ಟು ಹಾಕಿ, ಬಾಯಿಗೆ ಬಟ್ಟೆ ತುರುಕಿ, ಮನೆಮಂದಿಯೆಲ್ಲ ಸರದಿಯ ಮೇಲೆ ಅಲ್ಲಾಡಿಸಿದೆವು. ಅಪ್ಪ ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡು ಮೊಮ್ಮಗುವನ್ನು ತೂಗುವಂತೆ ತೂಗಿದರು. ಪಕ್ಕದ ಮನೆ ಆಂಟಿ ಕಾಂಪೌಂಡಿನಿಂದ, "ಏನ್ರೀ, ಮದ್ವೆ ಮನೆ ಸಾರಾ?" ಎಂದರು. ತುಕ್ಕೇನೋ ಕೆಂಪಗೆ ಇಳಿದು ಹೋಯಿತು. ಹೋದ ಮೇಲೆ ತಿಳಿಯಿತು, ಟ್ಯಾಂಕಿನ ತಳದ ಸಣ್ಣ ತೂತುಗಳನ್ನು ಇಷ್ಟು ದಿನ ಮುಚ್ಚಿ ಕಾಪಾಡಿದ್ದು ಆ ತುಕ್ಕೇ ಎಂದು. ಗಣಪತಿ ಮಾಡಲು ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು. ಅನ್ವರ್ ಭಾಯ್ ಬೆಸುಗೆ ಹಾಕಿಕೊಡುವವರೆಗೆ ನಾನು ಬಟ್ಟೆ ಸೋಪಿನ ಚೂರನ್ನು ಜೇಬಿನಲ್ಲಿಟ್ಟುಕೊಂಡು, ಜಿನುಗಿದ ಕಡೆಯೆಲ್ಲ ಉಜ್ಜುತ್ತ ತಿರುಗಿದೆ. ಆಫೀಸಿನಲ್ಲಿ ನನ್ನಿಂದ ಪೆಟ್ರೋಲು, ಸೋಪು, ಹುಣಸೆಹಣ್ಣು ಮೂರರ ವಾಸನೆ ಒಟ್ಟಿಗೆ ಬರುತ್ತಿತ್ತಂತೆ. ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ, ಕೆಲಸ ಬೇಗ ಮುಗಿಯುತ್ತಿತ್ತು.

ಇಷ್ಟಾದರೂ ಗಾಡಿ ಗಣೇಶನನ್ನು ಬಿಡಲಿಲ್ಲ.

ಇನ್ನು ನನ್ನ ಹೆಂಡತಿಯ ವಿಷಯ. ಶೈಲ ಮದ್ದೂರಿನವಳು. ಕಾಲೇಜಿಗೆ ಹೋಗುವಾಗ ಅವಳ ಅಣ್ಣನ ಬೈಕನ್ನು ಗದ್ದೆ ಬಯಲಿನ ರಸ್ತೆಯಲ್ಲಿ ಓಡಿಸುತ್ತಿದ್ದಳಂತೆ. ಮದುವೆಯಾದ ಹೊಸತರಲ್ಲಿ ಒಮ್ಮೆ, "ಮಾವ, ನಾನೊಂದು ರೌಂಡ್ ಹೋಗ್ಬರ್ಲಾ?" ಎಂದು ಕೇಳಿದ್ದಳು. ಅಪ್ಪ, "ಇದರ ಗೇರು ಗಂಡಸ್ರಿಗೇ ಬಗ್ಗಲ್ಲಮ್ಮ" ಎಂದು ಜೇಬು ಮುಟ್ಟಿ ನೋಡಿಕೊಂಡಿದ್ದರು. ಅವಳು ಮತ್ತೆ ಕೇಳಲಿಲ್ಲ. ಸ್ಕೂಟರ್ ಕೊಂಡಳು. ಮದ್ದೂರಿನ ಬೈಕಿನ ಕಥೆಯನ್ನು ಮಾತ್ರ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ನಾವೆಲ್ಲ ಹೂಂ ಎನ್ನುತ್ತಿದ್ದೆವು.

ಈ ವರ್ಷ ಅವಳ ಅಣ್ಣನ ಮಗಳ ಮದುವೆ ಬನಶಂಕರಿಯ ಒಂದು ಛತ್ರದಲ್ಲಿ ನಡೆಯಿತು. ಅವಳು ಹಿಂದಿನ ದಿನವೇ ಹೋಗಿದ್ದಳು. ನಾನು ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟು ಗಾಡಿಯಲ್ಲಿ ಹೊರಟೆ. ಸೋದರತ್ತೆಯ ಗಂಡನಾಗಿ ನಾನು ಮಾಡಬೇಕಾದ ಶಾಸ್ತ್ರವೊಂದಿತ್ತು. ಗಾಡಿ ಆ ದಿನ ಎಂಟು ದೇವರಿಗೆ ನಮಸ್ಕಾರ ಮಾಡಿತು. ನಾನು ಛತ್ರ ಮುಟ್ಟುವ ಹೊತ್ತಿಗೆ ಮೊದಲ ಪಂಕ್ತಿಗೆ ಮಜ್ಜಿಗೆ ಬಂದಿತ್ತು. ಶಾಸ್ತ್ರವನ್ನು ಯಾರೋ ಷಡ್ಡಕ ಮಾಡಿ ಮುಗಿಸಿದ್ದ. ಪಂಚೆಯ ಮೇಲಿನ ಗ್ರೀಸ್ ಕಲೆ ಫೋಟೋದಲ್ಲಿ ಚೆನ್ನಾಗಿ ಬಂದಿದೆ.

ಶೈಲ ಜಗಳವಾಡಲಿಲ್ಲ. ಅವಳು ಜಗಳವಾಡಿದರೆ ನನಗೆ ಭಯವಿಲ್ಲ, ಸುಮ್ಮನಿದ್ದರೆ ಭಯ. ಆ ವಾರವೇ ಜೆ.ಪಿ. ನಗರದಿಂದ ಒಬ್ಬ ಹುಡುಗ ಮನೆಗೆ ಬಂದ. ಹೊಸದಾಗಿ ಕೆಫೆ ತೆರೆಯುತ್ತಿದ್ದಾನಂತೆ. ಗಾಡಿಯನ್ನು ಸುತ್ತು ಹಾಕಿ, "ಅಂಕಲ್, ಸಖತ್ ಪೀಸ್. ಎಂಜಿನ್ ಎಲ್ಲಾ ತೆಗ್ದು ಗೋಡೆ ಮೇಲೆ ಫಿಟ್ ಮಾಡ್ತೀವಿ. ಟ್ಯಾಂಕ್ ಒಳಗೆ ಲೈಟ್ ಬಿಟ್ರೆ ಜನ ಬಂದು ಸೆಲ್ಫಿ ತಗೋತಾರೆ" ಎಂದ. ವಿನಯದ ಹುಡುಗ. ಅಪ್ಪ ಕುರ್ಚಿಯಿಂದ ಅವನನ್ನೇ ನೋಡಿದರು.

"ಗೋಡೆ ಮೇಲೆ ಹಾಕೋದು ಸತ್ತೋರ್ನ ಕಣಪ್ಪ" ಎಂದರು.

ಹುಡುಗ ಯೋಚಿಸಿ ಹೇಳಿ ಎಂದು ನಂಬರ್ ಕೊಟ್ಟು ಹೋದ. ಅವನು ಗೇಟು ದಾಟಿದ ಮೇಲೆ ಶೈಲ ಬಾಯಿಬಿಟ್ಟಳು. "ಮಾವ, ನಿಮ್ಗೆ ಬೇಜಾರ್ ಮಾಡ್ಬೇಕು ಅಂತಲ್ಲ. ಗಾಡಿ ಅಂದ್ರೆ ಓಡ್ಬೇಕು. ಈ ಶುಕ್ರವಾರ ಅತ್ತೆನ ಕೂರ್ಸ್ಕೊಂಡು ಬನಶಂಕರಿವರ್ಗೂ ಎಲ್ಲೂ ನಿಲ್ದೆ ಹೋಗ್ಲಿ. ಹೋದ್ರೆ ಇರ್ಲಿ, ನಾನು ಇನ್ನೊಂದ್ ಸಲ ಈ ಮಾತೆತ್ತಲ್ಲ. ನಿಂತ್ರೆ ಆ ಹುಡುಗನ್ನ ಕರೆಯೋಣ."

ಅಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡರು. "ಆಗ್ಲಮ್ಮ. ಆದ್ರೆ ಆ ಗೋಡೆ ನೋಡಕ್ಕೆ ನನ್ನ ಕರ್ಕೊಂಡ್ ಹೋಗ್ಬೇಡಿ" ಎಂದರು. ನಾನು ಹೊರಗೆ ಹೋಗಿ ಗಾಡಿಯ ಸೀಟು ಒರೆಸಿದೆ. ಎಷ್ಟೆಂದರೂ ಅಣ್ಣ.

ಸೋಮವಾರವೇ ಗಾಡಿ ಅನ್ವರ್ ಭಾಯ್ ಹತ್ತಿರ ಹೋಯಿತು. ಹೋಗುವ ಮೊದಲು ಅಪ್ಪ ಎಂದಿನಂತೆ ಮುಚ್ಚಳ ಬದಲಾಯಿಸಿದರು. ಈ ವಿಷಯ ಮೊದಲೇ ಹೇಳಬೇಕಿತ್ತು, ಹೇಳುವಂಥದ್ದು ಎಂದು ನಮಗೇ ಅನಿಸಿರಲಿಲ್ಲ. ಟ್ಯಾಂಕಿನ ಮುಚ್ಚಳ ಒರಿಜಿನಲ್, ಹೊಳೆಯುವ ಕ್ರೋಮಿನದು, ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಗ್ಯಾರೇಜಿನಲ್ಲಿ ಹತ್ತು ಜನ ಬಂದು ಹೋಗುತ್ತಾರೆ, ಯಾರಾದರೂ ಕದ್ದರೆ? ಅದಕ್ಕೇ ಗಾಡಿ ರಿಪೇರಿಗೆ ಹೋಗುವಾಗಲೆಲ್ಲ ಅಪ್ಪ ಜೆ.ಸಿ. ರಸ್ತೆಯಲ್ಲಿ ಕೊಂಡ ಒಂದು ಡೂಪ್ಲಿಕೇಟ್ ಮುಚ್ಚಳ ಹಾಕಿ ಕಳಿಸುತ್ತಿದ್ದರು. ಒರಿಜಿನಲ್ ಮುಚ್ಚಳ ದೇವರ ಮನೆಯಲ್ಲಿ, ಸಾಲಿಗ್ರಾಮದ ಪಕ್ಕ ಕೂರುತ್ತಿತ್ತು. ಗಾಡಿ ಮನೆಗೆ ಬಂದ ಮೇಲೆ ಮತ್ತೆ ಅದನ್ನೇ ಹಾಕುವುದು. ಮೂವತ್ತು ವರ್ಷದಿಂದ ನಡೆದು ಬಂದ ಪದ್ಧತಿ.

ಗುರುವಾರ ಮಧ್ಯಾಹ್ನ. ಗಾಡಿ ಇನ್ನೂ ಗ್ಯಾರೇಜಿನಲ್ಲಿ, ನಾನು ರಜೆ ಹಾಕಿ ಮನೆಯಲ್ಲಿ ಶತಪಥ ಹಾಕುತ್ತಿದ್ದೆ. ಅಡುಗೆಮನೆಯಲ್ಲಿ ಅಮ್ಮ ಗಾಣದ ಎಣ್ಣೆಯ ಹೊಸ ಡಬ್ಬದ ಜೊತೆ ಹೋರಾಡುತ್ತಿದ್ದಳು. ಮೊಳೆ ಇಟ್ಟು ಒಂದು ತೂತು ಮಾಡಿ ಬಗ್ಗಿಸಿದ್ದಳು. ಎಣ್ಣೆ ಒಂದು ಸೌಟಿನಷ್ಟು ಬಂತು, ತೊಟ್ಟಿಕ್ಕಿತು, ನಿಂತಿತು.

"ಅಯ್ಯೋ ನನ್ ಬುದ್ಧಿಗಿಷ್ಟು" ಎಂದು ಅಮ್ಮ ತಲೆ ಚಚ್ಚಿಕೊಂಡಳು. "ಶೈಲಾ, ಆ ಕಡೆ ಇನ್ನೊಂದು ತೂತು ಹೊಡಿಯೇ. ಗಾಳಿ ಒಳಗೆ ಹೋಗ್ದೆ ಎಣ್ಣೆ ಹೆಂಗೆ ಹೊರಗ್ ಬರತ್ತೆ?"

ಶೈಲ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟಳು. ಎಣ್ಣೆ ಧಾರೆಯಾಗಿ ಇಳಿಯಿತು. ಅವಳು ಸುತ್ತಿಗೆ ಹಿಡಿದೇ ಆ ಧಾರೆಯನ್ನು ನೋಡುತ್ತ ನಿಂತಳು. ಆಮೇಲೆ ಸುತ್ತಿಗೆ ಕೆಳಗಿಟ್ಟು, ಕೈ ತೊಳೆದುಕೊಂಡು, ನೇರ ದೇವರ ಮನೆಗೆ ಹೋಗಿ ಟ್ಯಾಂಕಿನ ಮುಚ್ಚಳ ಎತ್ತಿಕೊಂಡು ಬಂದಳು. ಕಿಟಕಿಯ ಬೆಳಕಿಗೆ ಹಿಡಿದಳು. ಒಳಭಾಗದ ಸಣ್ಣ ತೂತಿಗೆ ಬಾಯಿಟ್ಟು ಊದಿದಳು. ಕೆನ್ನೆ ಪೂರಿಯಂತೆ ಉಬ್ಬಿತೇ ಹೊರತು ಗಾಳಿ ಆಚೆ ಬರಲಿಲ್ಲ.

"ಅತ್ತೆ, ಆಯುಧಪೂಜೆ ದಿನ ಗಾಡಿಗೆ ಕುಂಕುಮ ಎಲ್ಲಿಡ್ತೀರಿ?"

"ಇಡೀ ಗಾಡಿಗೂ ಇಡ್ತೀನಿ. ಮೊದ್ಲು ನೆತ್ತಿಗೆ. ಮುಚ್ಚಳದ್ ಮೇಲೆ ಒಂದು ಗುಳಿ ಇದ್ಯಲ್ಲ, ಬೊಟ್ಟಿಗೆ ಅಂತ್ಲೇ ಮಾಡ್ದಂಗಿದೆ. ಗಂಧ ಇಟ್ಟು, ಅರಿಶಿನ ಇಟ್ಟು, ಅದ್ರ ಮೇಲೆ..."

ಅಮ್ಮ ಅಲ್ಲಿಗೆ ನಿಲ್ಲಿಸಿದಳು. ಆ ಗುಳಿ ಬೊಟ್ಟಿಗೆ ಮಾಡಿದ್ದಲ್ಲ, ಗಾಳಿಗೆ ಮಾಡಿದ್ದು. ಪೆಟ್ರೋಲು ಕೆಳಗೆ ಇಳಿದಷ್ಟೂ ಮೇಲಿಂದ ಗಾಳಿ ಹೋಗಲಿ ಎಂದು. ಅಮ್ಮ ಬಳೆಯಲ್ಲಿ ನೇತಾಡುತ್ತಿದ್ದ ಸೇಫ್ಟಿ ಪಿನ್ನು ಬಿಚ್ಚಿ ಆ ಗುಳಿಯನ್ನು ಕೆದಕತೊಡಗಿದಳು. ಮೊದಲು ಕಪ್ಪಗೆ ಮಣ್ಣಿನಂಥದ್ದು ಬಂತು. ಆಮೇಲೆ ಕೆಂಪು, ಆಮೇಲೆ ಹಳದಿ, ಮತ್ತೆ ಕೆಂಪು, ಮತ್ತೆ ಹಳದಿ. ಒಂದೊಂದು ಪದರವೂ ಒಂದೊಂದು ಆಯುಧಪೂಜೆ. ಪೇಪರಿನ ಮೇಲೆ ಸಣ್ಣ ಗುಡ್ಡೆಯೇ ಆಯಿತು. ನನ್ನ ಎಸ್ಸೆಸ್ಸೆಲ್ಸಿ, ನನ್ನ ಮದುವೆ, ಎಲ್ಲ ದಸರೆಗಳೂ ಅಲ್ಲಿದ್ದವು. ಶೈಲ ಮತ್ತೆ ಊದಿದಳು. ಈ ಸಲ ಅಮ್ಮನ ಹಣೆಯ ಮೇಲಿನ ಕೂದಲು ಅಲ್ಲಾಡಿತು.

ಅಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು. "ಅಯ್ಯೋ ಶಿವನೆ, ಒಳ್ಳೇದಾಗ್ಲಿ ಅಂತ ಪೂಜೆ ಮಾಡಿ ಮಾಡಿ ನಾನೇ ಅದ್ರ ಉಸಿರು ಕಟ್ಟಿಸ್ದೆನಲ್ಲೇ!" ಶೈಲಳೂ ನಕ್ಕಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಮುಚ್ಚಳ ದೇವರ ಮನೆಯಲ್ಲಿ ಇಟ್ಟು ಟ್ಯಾಂಕನ್ನು ಅನ್ವರ್ ಭಾಯ್ ಹತ್ತಿರ ಕಳಿಸಿದ್ದೆವು. ಗ್ಯಾರೇಜಿನಲ್ಲಿ ಡೂಪ್ಲಿಕೇಟ್ ಮುಚ್ಚಳ ಹಾಕಿಕೊಂಡು ಗಾಡಿ ಹಾಯಾಗಿ ಉಸಿರಾಡುತ್ತಿತ್ತು, ಮನೆಗೆ ಬಂದು ಒರಿಜಿನಲ್ ಹಾಕಿದೊಡನೆ ಉಸಿರು ಕಟ್ಟುತ್ತಿತ್ತು. ಬಂಕಿನಲ್ಲಿ ಮುಚ್ಚಳ ತೆಗೆದಾಗ ಒಳಹೊಕ್ಕ ಗಾಳಿ ಗಣೇಶನವರೆಗೆ ಸಾಕಾಗುತ್ತಿತ್ತು. ಗಣೇಶನ ಮುಂದೆ ಅಪ್ಪ ಮುಚ್ಚಳ ತೆಗೆದು ಇಣುಕಿದಾಗ ಹೋದದ್ದು ಬನಶಂಕರಿವರೆಗೆ. ಗುಡಿಯ ಮುಂದೆ ಹೋದದ್ದು ಬೇಕರಿವರೆಗೆ. ಇಷ್ಟನ್ನೂ ನಾನು ಉತ್ಸಾಹದಿಂದ ಅಪ್ಪನಿಗೆ ವಿವರಿಸಿದೆ.

ಅಪ್ಪ ಪೂರ್ತಿ ಕೇಳಿ, "ಸರಿ. ಇಷ್ಟ್ ವರ್ಷ ಆ ತೂತು ಮುಚ್ಚಿ ತನ್ನ ಮುಂದೇ ನಿಲ್ಸ್ಕೊಂಡಿದ್ದು ಯಾರು ಹಂಗಾದ್ರೆ?" ಎಂದರು.

"ಷರತ್ತು ಷರತ್ತೇ" ಎಂದಳು ಶೈಲ. "ನಾಳೆ ಓಡ್ಲಿ, ನೋಡೋಣ."

ಶುಕ್ರವಾರ ಬೆಳಿಗ್ಗೆ ಅಮ್ಮ ತುರುಬಿನ ಮೇಲೆ ಹೆಲ್ಮೆಟ್ ಕೂರಿಸಲು ಪಟ್ಟ ಪಾಡು ಬೇರೆಯೇ ಪ್ರಬಂಧವಾದೀತು. ಮಲ್ಲಿಗೆಯನ್ನು ತೆಗೆಯುವುದಿಲ್ಲ ಎಂದಳು. ಕೊನೆಗೆ ಹೂವು ಹೆಲ್ಮೆಟ್ಟಿನ ಹೊರಗೆ ಬಂತು. ಹಿಂದಿನ ಸಂಜೆ ಗ್ಯಾರೇಜಿನಿಂದ ತಂದ ಗಾಡಿಯಲ್ಲಿ ನನ್ನ ಹಿಂದೆ ಅಮ್ಮ, ನಮ್ಮ ಹಿಂದೆ ಸ್ಕೂಟರಿನಲ್ಲಿ ತೀರ್ಪು ಕೊಡಲು ಶೈಲ, ಅವಳ ಹಿಂದೆ ಇಸ್ತ್ರಿ ಅಂಗಿ ತೊಟ್ಟ ಅಪ್ಪ. ನಿಂಬೆಹಣ್ಣಿನ ಚೀಲ ಸ್ಕೂಟರಿನ ಕೊಕ್ಕೆಯಲ್ಲಿ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಒರಿಜಿನಲ್ ಮುಚ್ಚಳವನ್ನೇ ತಿರುಗಿಸಿ, ಹೊರಟೆ.

ಆಂಜನೇಯ ಬಂದ, ಗಾಡಿ ನಿಲ್ಲಲಿಲ್ಲ. ದರ್ಶಿನಿಯ ಮುಂದೆ ನಿಲ್ಲಲಿಲ್ಲ. ಮೆಟ್ರೋ ಕಂಬಗಳ ನೆರಳು ಒಂದೊಂದಾಗಿ ಮೈಮೇಲೆ ಹಾದು ಹೋಗುತ್ತಿತ್ತು. ನನ್ನ ಕಿವಿಯೆಲ್ಲ ಎಂಜಿನ್ನಿನ ಮೇಲೆ. ಎಲ್ಲಿ ಒಂದು ಬುಸ್ ಕೇಳಿಸುತ್ತದೋ ಎಂದು. ಗಣೇಶನ ತಿರುವು ಕಾಣಿಸಿತು. ಹತ್ತಿರ ಬಂತು. ಡಬ ಡಬ ಡಬ ಎಂದು ಗಾಡಿ ಗುಡಿಯ ಮುಂದೆಯೇ ಹಾದು, ಹುಟ್ಟಿದಾಗಿನಿಂದ ನಾನು ಆ ಗಾಡಿಯ ಮೇಲೆ ಕೂತು ಸಲೀಸಾಗಿ ದಾಟದಿದ್ದ ಜಾಗವನ್ನು ದಾಟಿಬಿಟ್ಟಿತು. ನಾನು, "ಹೋಯ್ತಮ್ಮಾ! ಹೋಯ್ತು!" ಎಂದು ಕೂಗಿದೆ.

ಬೆನ್ನಿಗೆ ಧಬ್ ಎಂದು ಒಂದು ಗುದ್ದು ಬಿತ್ತು. "ನಿಲ್ಸೋ! ದೇವ್ರಿಗೆ ಹೇಳ್ದೆ ಎಲ್ಲೋ ಹೋಗ್ತಿದೀಯಾ?"

"ಅಮ್ಮ, ನಿಲ್ಸಿದ್ರೆ ಗೋಡೆಗೆ ಹೋಗತ್ತೆ!"

"ಎಲ್ಲಿಗಾದ್ರೂ ಹೋಗ್ಲಿ! ಇಷ್ಟ್ ವರ್ಷ ಅದು ನಿಂತ್ರೆ ಮಾತ್ರ ಇಳ್ದು ಕೈಮುಗಿದ್ವಿ. ಇವತ್ತು ಚೆನ್ನಾಗಿ ಓಡ್ತಿದೆ ಅಂತ ಮುಖ ತಿರುಗ್ಸ್ಕೊಂಡ್ ಹೋಗೋದಾ?"

ಅಷ್ಟರಲ್ಲಿ ಸ್ಕೂಟರ್ ಪಕ್ಕಕ್ಕೆ ಬಂತು. ಹಿಂದೆ ಕೂತ ಅಪ್ಪ ಎರಡೂ ಕೈ ಮೇಲೆತ್ತಿ, "ನಿಲ್ಸು, ನಿಲ್ಸು" ಎನ್ನುತ್ತಿದ್ದರು. ಗೋಡೆಗೆ ಹೋಗಬಾರದು ಎಂದು ಎಲ್ಲರಿಗಿಂತ ಹೆಚ್ಚು ಬಯಸಿದ ಮನುಷ್ಯ. ನಾನು ಬ್ರೇಕ್ ಹಾಕಿದೆ. ಗಾಡಿಯನ್ನು ತಿರುಗಿಸಿಕೊಂಡು ಗುಡಿಯ ಮುಂದೆ ತಂದು, ಎಂಜಿನ್ ಆಫ್ ಮಾಡಿದೆ.

ನಾಲ್ವರೂ ಕೈಮುಗಿದೆವು. ಅಪ್ಪನಿಗೆ ಮಂಡಿ ಬಗ್ಗುವುದಿಲ್ಲ, ಕಿವಿ ಹಿಡಿದುಕೊಂಡು ನಿಂತರು. ಅವರ ಪಾಲಿನ ಬಸ್ಕಿಯೂ ನನ್ನ ಪಾಲಿಗೇ ಬಂತು. ಅರ್ಚಕರು ಕುಂಕುಮ ಕೊಟ್ಟರು. ಅಮ್ಮ ಹೊರಗೆ ಬಂದವಳೇ ಅಭ್ಯಾಸಬಲದಿಂದ ಮುಚ್ಚಳದ ಕಡೆ ಬೆರಳು ಚಾಚಿದಳು. ನಾವು ಮೂವರೂ ಒಟ್ಟಿಗೆ ಕಿರುಚಿದೆವು. ಅಮ್ಮ ಬೆರಳು ಹಿಂದಕ್ಕೆ ತೆಗೆದು, ನಗುತ್ತ, ಹೆಡ್‌ಲೈಟಿನ ಮೇಲೆ ಬೊಟ್ಟಿಟ್ಟಳು.

"ರೀ, ಕೀ ಕೊಡಿ" ಎಂದಳು ಶೈಲ.

ಷರತ್ತು ಷರತ್ತೇ. ಕೀಯನ್ನು ಅವಳ ಕೈಗಿಟ್ಟೆ. ಅವಳು ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, ಸ್ಕೂಟರಿನ ಕೀ ನನಗೆ ಕೊಟ್ಟು, ಮೋಟಾರ್‌ಸೈಕಲ್ಲಿನ ಮೇಲೆ ಕೂತಳು.

"ಅತ್ತೆ, ಹತ್ಕೊಳಿ."

"ನೀನ್ ಓಡಿಸ್ತೀಯೇನೇ?"

"ಮದ್ದೂರಲ್ಲಿ ಓಡಿಸ್ತಿದ್ದೆ ಅಂತ ಮದ್ವೆ ಆದಾಗಿಂದ ಹೇಳ್ತಾನೇ ಇದೀನಿ. ನಿಮ್ಮನೇಲಿ ಯಾರಾದ್ರೂ ಕಿವಿಗ್ ಹಾಕ್ಕೊಂಡ್ರಾ?"

ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಪ್ಪ ಕೈಯನ್ನು ಜೇಬಿನ ಹತ್ತಿರ ಒಯ್ದರು, ಜೇಬು ಖಾಲಿ. ಒಮ್ಮೆ ಗಣೇಶನನ್ನು ನೋಡಿದರು, ಒಮ್ಮೆ ಸೊಸೆಯನ್ನು ನೋಡಿದರು. ಆಮೇಲೆ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಎರಡನೇ ಗೇರು ಸ್ವಲ್ಪ ಗಡಸು. ಹೆದರ್ಬೇಡ, ಒತ್ತಿ ಹಾಕಮ್ಮ" ಎಂದರು.

ಎರಡನೇ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಿತು. ಅಮ್ಮ ಒಂದು ಕೈಯಿಂದ ಸೊಸೆಯ ಸೊಂಟ, ಇನ್ನೊಂದರಿಂದ ಹೆಲ್ಮೆಟ್ ಹಿಡಿದುಕೊಂಡಳು. ನೀಲಿ ಹೊಗೆ ಬಿಟ್ಟುಕೊಂಡು ಅವರಿಬ್ಬರೂ ಹೊರಟೇಬಿಟ್ಟರು. ನಾನು ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಿಂಬೆಹಣ್ಣಿನ ಸಮೇತ ಹಿಂಬಾಲಿಸಿದೆ. ಮುಂದೆ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಶೈಲ ಗೇರು ಬದಲಾಯಿಸುವಾಗಲೆಲ್ಲ ಅಪ್ಪ ನನ್ನ ಭುಜ ಅದುಮುತ್ತಿದ್ದರು.

"ಕೇಳಿಸ್ತೇನೋ? ಎರಡಕ್ಕೆ ಹಾಕಿದ್ಲು. ಶಬ್ದಾನೇ ಇಲ್ಲ. ನೀನು ಹಾಕಿದ್ರೆ ಪಾತ್ರೆ ಬಿದ್ದಂಗಾಗತ್ತೆ."

ಅವರ ದನಿ ಯಾಕೋ ಒದ್ದೆಯಾಗಿತ್ತು. ನಾನು ತಿರುಗಿ ನೋಡಲಿಲ್ಲ, ಸಿಗ್ನಲ್ ಬಿಟ್ಟಿತ್ತು.

ವಾಪಸು ಬರುವಾಗ ಗಾಡಿ ಬೇಕರಿಯ ಮುಂದೆ ನಿಲ್ಲಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ ಶೈಲಳೇ ನೆನಪು ಮಾಡಿಕೊಂಡು ನಿಲ್ಲಿಸಿದಳು. ಅಲ್ಲೇ ನಿಂತು, ಒಂದು ಕೈಯಲ್ಲಿ ಖಾರದ ಬನ್ನು ಹಿಡಿದುಕೊಂಡು ಜೆ.ಪಿ. ನಗರದ ಹುಡುಗನಿಗೆ ಫೋನ್ ಮಾಡಿದಳು. "ಇಲ್ಲಪ್ಪ, ಕೊಡಲ್ಲ. ನಿನ್ ಗೋಡೆಗೆ ಬೇರೆ ಏನಾದ್ರೂ ನೋಡ್ಕೋ. ಇದು ನಾನು ಓಡ್ಸೋ ಗಾಡಿ."

ಈಗ ಶುಕ್ರವಾರಗಳಲ್ಲಿ ಅತ್ತೆ ಸೊಸೆ ಮೋಟಾರ್‌ಸೈಕಲ್ಲಿನಲ್ಲಿ ಮುಂದೆ, ಅಪ್ಪ ಮಗ ಸ್ಕೂಟರಿನಲ್ಲಿ ಹಿಂದೆ. ಗಣೇಶನ ಹತ್ತಿರ ಎಲ್ಲರೂ ನಿಲ್ಲುತ್ತೇವೆ, ಬೇಕರಿಯ ಹತ್ತಿರವೂ.

ಆ ಮೊದಲ ಶುಕ್ರವಾರ ಮನೆಗೆ ಬಂದಾಗ ಶೈಲ ಎಂದಿನ ಕ್ರಮದಂತೆ ಕೀಯನ್ನು ಅಪ್ಪನಿಗೆ ಕೊಡಲು ಹೋದಳು. ಅಪ್ಪ ತೆಗೆದುಕೊಳ್ಳಲಿಲ್ಲ. ಅಮ್ಮನ ಹತ್ತಿರ ಆ ಪಿನ್ನು ಕೇಳಿ ಕೀಗೆ ಸಿಕ್ಕಿಸಿದರು. ಎಣ್ಣೆ ಡಬ್ಬಕ್ಕೆ ತೂತು ಹೊಡೆದ ಅದೇ ಮೊಳೆ, ಅದೇ ಸುತ್ತಿಗೆ ತರಿಸಿ, ಬಾಗಿಲ ಹಿಂದೆ ಗೋಡೆಯ ಮೇಲೆ ಮೊಳೆಯಿಟ್ಟು, "ಶೈಲಾ, ಕೈ ಚಾಚಮ್ಮ. ಇಲ್ಲಿ ಹೊಡೀಲಾ? ಎಟುಕತ್ತಾ?" ಎಂದು ಕೇಳಿದರು. ಅವಳು ಕೈ ಚಾಚಿದ ಎತ್ತರಕ್ಕೇ ಹೊಡೆದರು. ನನಗೆ ಕೀ ಬೇಕಾದರೆ ಸ್ವಲ್ಪ ಬಗ್ಗಬೇಕು.